ಪುದೀನವನ್ನು ಮಳೆ ದಾಟಿಸುವುದು

ಮನೆಯಲ್ಲಿ ಬೆಳೆಸಲು ಅತ್ಯಂತ ಸುಲಭವಾದ ಸೊಪ್ಪು ಪುದೀನ ಎಂದು ಕೈತೋಟದ ಬಗ್ಗೆ ಬರೆಯುವವರೆಲ್ಲ ಹೇಳುತ್ತಾರೆ. ನೆಲಕ್ಕೆ ನೆಟ್ಟರೆ ತೋಟವನ್ನೇ ಆಕ್ರಮಿಸೀತು, ಆದ್ದರಿಂದ ಚಟ್ಟಿಯಲ್ಲೇ ಇರಿಸಿ ಎಂಬ ಎಚ್ಚರಿಕೆಯೂ ಅದರ ಜೊತೆಗೆ ಬರುತ್ತದೆ. ತಂಪು ನಾಡುಗಳಿಗೆ ಆ ಮಾತು ಸರಿ. ಬೆಂಗಳೂರು, ಮೈಸೂರುಗಳ ಹವೆಗೂ ಬಹುಮಟ್ಟಿಗೆ ಒಪ್ಪುತ್ತದೆ. ಮಂಗಳೂರಿನಲ್ಲೋ ಉಡುಪಿಯಲ್ಲೋ ಇದ್ದುಕೊಂಡು ಅದನ್ನೇ ನಂಬಿದವರ ಪುದೀನ ಮಾತ್ರ ತುಳುವರ ಆಟಿ ತಿಂಗಳು (ಜುಲೈ–ಆಗಸ್ಟ್) ಮುಗಿಯುವ ಹೊತ್ತಿಗೆ ಕೊಳೆತು ಮಣ್ಣಿಗೆ ಸೇರಿರುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುವ ಸೀಮೆ ನಮ್ಮದು. ಇಲ್ಲಿ ಪುದೀನದ ವರ್ಷ ಆರಂಭವಾಗುವುದು ಅಕ್ಟೋಬರಿನಲ್ಲಿ, ಮುಗಿಯುವುದು ಮೇ ತಿಂಗಳ ಕೊನೆಯಲ್ಲಿ. ನಡುವಿನ ನಾಲ್ಕು ತಿಂಗಳು ಅದನ್ನು ಹೇಗಾದರೂ ಮಾಡಿ ದಾಟಿಸಬೇಕು.

ಮಂಗಳೂರಿನ ನಮ್ಮ ತಾರಸಿಯಲ್ಲಿಯೂ ಉಡುಪಿ ಸಮೀಪದ ಶಂಕರಪುರದ ಕಡೆಯಿರುವ ಅಮ್ಮನ ಮನೆಯ ಅಂಗಳದಲ್ಲಿಯೂ ಹಲವು ವರ್ಷಗಳಿಂದ ಪುದೀನ ಬೆಳೆಸುತ್ತ ಬಂದಿರುವ ನನಗೆ ಈ ಗಿಡದ ಬಗ್ಗೆ ಒಂದು ಸಂಗತಿ ಖಚಿತವಾಗಿದೆ. ಕರಾವಳಿಯಲ್ಲಿ ಒಂದೇ ಗಿಡವನ್ನು ವರ್ಷಗಟ್ಟಲೆ ಬಾಳಿಸಲು ಹೆಣಗುವುದು ವ್ಯರ್ಥ. ಇಂದಿನ ಗಿಡ ಹೋಗುವ ಮೊದಲೇ ಅದರ ತುಂಡೊಂದು ಇನ್ನೊಂದು ಕಡೆ ಬೇರು ಬಿಟ್ಟಿರಬೇಕು, ಅಷ್ಟೇ. ಮಣ್ಣು, ನೀರು, ಬಿಸಿಲು, ಕೊಯ್ಲುಗಳ ಲೆಕ್ಕಾಚಾರವೆಲ್ಲ ಈ ಒಂದು ತಿಳಿವಳಿಕೆಯಿಂದಲೇ ಹೊರಡುತ್ತದೆ.

ಗಿಡದ ಸ್ವಭಾವವೂ ಅದಕ್ಕೆ ತಕ್ಕಂತೆಯೇ ಇದೆ. ಪುದೀನ ತುಳಸಿಯ ಕುಟುಂಬಕ್ಕೆ ಸೇರಿದ ಸಸ್ಯ. ನಮ್ಮ ಅಂಗಳದ ಸಾಂಬ್ರಾಣಿ ಸೊಪ್ಪು, ಅಂದರೆ ದೊಡ್ಡಪತ್ರೆ, ಮತ್ತು ಕಾಮಕಸ್ತೂರಿ ಕೂಡ ಅದೇ ಕುಟುಂಬದವು. ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಅದರ ನಾಲ್ಕು ಮೂಲೆಗಳು ಸ್ಪಷ್ಟವಾಗಿ ಕೈಗೆ ತಾಗುತ್ತವೆ. ಎಲೆಗಳು ಪ್ರತಿ ಗಿಣ್ಣಿನಲ್ಲಿ ಎದುರುಬದುರಾಗಿ ಜೋಡಿಯಾಗಿರುತ್ತವೆ. ಒಂದು ಜೋಡಿ ಪೂರ್ವ–ಪಶ್ಚಿಮಕ್ಕೆ ಮುಖ ಮಾಡಿದ್ದರೆ ಅದರ ಮೇಲಿನದು ಉತ್ತರ–ದಕ್ಷಿಣಕ್ಕೆ. ಆದರೆ ತುಳಸಿ ಬೀಜ ಉದುರಿಸಿ ತಾನಾಗಿ ಹುಟ್ಟುತ್ತದೆ, ಪುದೀನಕ್ಕೆ ನಮ್ಮಲ್ಲಿ ಆ ದಾರಿಯೇ ಇಲ್ಲ. ಅದು ಹೂ ಬಿಡಬೇಕಾದರೆ ಹಗಲು ದೀರ್ಘವಾಗಿರಬೇಕು. ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರದಲ್ಲಿರುವ ಮಂಗಳೂರಿನಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಕೂಡ 13 ಗಂಟೆ ದಾಟುವುದಿಲ್ಲ. ಇರುವ ಬೆಳಕನ್ನು ಆ ಹೊತ್ತಿಗೆ ಮೋಡ ನುಂಗಿರುತ್ತದೆ. ಹಾಗಾಗಿ ಇಲ್ಲಿನ ಪುದೀನ ಹೂ ಬಿಡುವುದು ಅಪರೂಪ. ಪ್ಯಾಕೆಟ್ಟಿನ ಬೀಜ ತಂದು ಬಿತ್ತಿದರೂ ಹುಟ್ಟಿದ ಗಿಡಗಳ ಪರಿಮಳ ಒಂದೊಂದರದು ಒಂದೊಂದು ಬಗೆಯಾಗಿರುತ್ತದೆ. ಆದ್ದರಿಂದ ಮಾರುಕಟ್ಟೆಯ ಕಟ್ಟಿನಲ್ಲಿರುವುದಾಗಲಿ ಪಕ್ಕದ ಮನೆಯ ಚಟ್ಟಿಯಲ್ಲಿರುವುದಾಗಲಿ, ಯಾವುದೋ ಕಾಲದ ಒಂದು ತಾಯಿಗಿಡದ ತುಂಡಿನ ತುಂಡಿನ ತುಂಡು. ಒಂದು ಗಿಡದ ಬಲವೇನೋ ಅದೇ ಅಷ್ಟೂ ಗಿಡಗಳ ಬಲ. ಒಂದಕ್ಕೆ ತಗಲುವ ರೋಗ ಎಲ್ಲಕ್ಕೂ ತಗಲುತ್ತದೆ.

ಅಡುಗೆಮನೆಗೆ ಯಾವ ಪುದೀನ ಬೇಕು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು, ಏಕೆಂದರೆ ನರ್ಸರಿಗಳಲ್ಲಿ ಒಂದೇ ಹೆಸರಿನಲ್ಲಿ ಎರಡು ಮೂರು ಜಾತಿಗಳನ್ನು ಮಾರುತ್ತಾರೆ. ತರಕಾರಿ ಅಂಗಡಿಯಲ್ಲಿ ಕಟ್ಟು ಕಟ್ಟಿ ಇಡುವುದು ಬಹುತೇಕ ಸ್ಪಿಯರ್‌ಮಿಂಟ್ ಜಾತಿ. ಅದರ ಪರಿಮಳಕ್ಕೆ ಮುಖ್ಯ ಕಾರಣ ಕಾರ್ವೋನ್ ಎಂಬ ಸಂಯುಕ್ತ. ಸಬ್ಬಸಿಗೆ ಬೀಜದ ಪರಿಮಳದಲ್ಲಿಯೂ ಕಾರ್ವೋನ್ ಇದೆ, ಆದರೆ ಅಲ್ಲಿನ ಅಣು ಪುದೀನದ ಅಣುವಿನ ಕನ್ನಡಿಬಿಂಬ. ಅಷ್ಟು ಮಾತ್ರದ ವ್ಯತ್ಯಾಸವನ್ನು ನಮ್ಮ ಮೂಗು ಎರಡು ಬೇರೆ ಬೇರೆ ವಾಸನೆಗಳಾಗಿ ಗುರುತಿಸುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ನೆಗಡಿಯ ಮುಲಾಮಿನಲ್ಲಿ, ಕೆಮ್ಮಿನ ಗುಳಿಗೆಯಲ್ಲಿ ಇರುವ ಮೆಂಥಾಲ್ ಬರುವುದು ಬೇರೊಂದು ಜಾತಿಯ ಪುದೀನದಿಂದ. ಉತ್ತರ ಪ್ರದೇಶದ ಬಾರಾಬಂಕಿಯ ಸುತ್ತಮುತ್ತ ಅದನ್ನು ಹೊಲಗಟ್ಟಲೆ ಬೆಳೆದು ಎಣ್ಣೆ ಇಳಿಸುತ್ತಾರೆ. ಲಖನೌದಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ ಅದಕ್ಕೆಂದೇ ಕೋಸಿ ಮುಂತಾದ ತಳಿಗಳನ್ನು ಕೊಟ್ಟಿದೆ. ಮೆಂಥಾಲ್ ಬಾಯನ್ನು ನಿಜವಾಗಿ ತಂಪು ಮಾಡುವುದಿಲ್ಲ. ಚಳಿಯನ್ನು ಗುರುತಿಸಲು ನರಗಳಲ್ಲಿರುವ ಗ್ರಾಹಕವೊಂದನ್ನು ಅದು ಪ್ರಚೋದಿಸುತ್ತದೆ, ಮಿದುಳು ಅದನ್ನೇ ತಂಪು ಎಂದು ತಿಳಿಯುತ್ತದೆ. ಮೆಂಥಾಲ್ ಬಳಸಿಯೇ ಆ ಗ್ರಾಹಕವನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರು ಉಷ್ಣ ಮತ್ತು ಸ್ಪರ್ಶದ ಗ್ರಾಹಕಗಳ ಕುರಿತ ಸಂಶೋಧನೆಗಾಗಿ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಪಡೆದರು. ನರ್ಸರಿಯಲ್ಲಿ ಎಲೆಯೊಂದನ್ನು ಜಗಿದು ಬಾಯಿಂದ ಉಸಿರೆಳೆದುಕೊಂಡಾಗ ಗಂಟಲವರೆಗೆ ಕೊರೆಯುವಂತಾದರೆ ಅದು ಮೆಂಥಾಲ್ ಜಾತಿ. ಚಟ್ನಿಗೆ ಅದು ಕಹಿಯಾಗುತ್ತದೆ. ಜಗಿದಾಗ ಸಿಹಿಯಾದ, ಮೃದುವಾದ ಘಮ ಬಂದರೆ ಅದು ಅಡುಗೆಯ ಪುದೀನ.

ನಿಜ ಹೇಳಬೇಕೆಂದರೆ ನರ್ಸರಿಯ ಅಗತ್ಯವೇ ಇಲ್ಲ, ತರಕಾರಿ ಅಂಗಡಿಯ ಒಂದು ಕಟ್ಟು ಸಾಕು. ನಮ್ಮ ಪೇಟೆಗೆ ಬರುವ ಪುದೀನ ಘಟ್ಟದ ಮೇಲಿನದು. ಕೊತ್ತಂಬರಿ ಸೊಪ್ಪಿನ ಜೊತೆಗೆ ರಾತ್ರಿ ಲಾರಿಯಲ್ಲಿ ಇಳಿದು ಬರುತ್ತದೆ. ನಾನು ಯಾವಾಗಲೂ ಸೊಪ್ಪು ತರುವ ಅಂಗಡಿಯವರು ಒಮ್ಮೆ ಹೇಳಿದ ಮಾತನ್ನು ಈಗಲೂ ಪಾಲಿಸುತ್ತೇನೆ: “ನೆಡ್ಲಿಕ್ಕೆ ಆದ್ರೆ ಚಿಗುರು ನೋಡ್ಬೇಡಿ ಅಕ್ಕ, ದಂಟು ನೋಡಿ. ಬುಡದಲ್ಲಿ ಸ್ವಲ್ಪ ನೇರಳೆ ಬಣ್ಣ ಬಂದದ್ದು ಉಂಟಲ್ಲ, ಅದಕ್ಕೆ ಬೇರು ಬೇಗ ಬರ್ತದೆ.” ತೀರ ಎಳೆಯ ದಂಟು ನೀರಿನಲ್ಲಿ ಕೊಳೆಯುತ್ತದೆ, ತೀರ ಬಲಿತದ್ದು ಬೇರು ಬಿಡಲು ಬಹಳ ದಿನ ತೆಗೆದುಕೊಳ್ಳುತ್ತದೆ, ಬಗ್ಗಿಸಿದರೆ ಬಾಗುವ, ಹೆಚ್ಚು ಬಗ್ಗಿಸಿದರೆ ಸಣ್ಣ ಸದ್ದು ಮಾಡಿ ಮುರಿಯುವ ದಂಟು ಸರಿಯಾದದ್ದು.

ಅಂಥ ದಂಟನ್ನು ಸುಮಾರು ಐದಿಂಚು ಉದ್ದಕ್ಕೆ, ಗಿಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿಕೊಂಡು, ಕೆಳಗಿನ ಎರಡು ಜೋಡಿ ಎಲೆಗಳನ್ನು ತೆಗೆದು, ಬರಿದಾದ ಗಿಣ್ಣುಗಳು ಮುಳುಗುವಷ್ಟು ನೀರಿರುವ ಗಾಜಿನ ಲೋಟದಲ್ಲಿ ಇಡಬೇಕು. ತುದಿಯ ಎಲೆಗಳು ದೊಡ್ಡದಾಗಿದ್ದರೆ ಅವುಗಳಲ್ಲಿ ಅರ್ಧವನ್ನು ಕತ್ತರಿಸುವುದು ಒಳಿತು, ಏಕೆಂದರೆ ಬೇರಿಲ್ಲದ ದಂಟಿಗೆ ಅಷ್ಟೊಂದು ಎಲೆಗಳಿಗೆ ನೀರು ಪೂರೈಸಲು ಆಗುವುದಿಲ್ಲ. ಮೂರನೆಯ ಅಥವಾ ನಾಲ್ಕನೆಯ ದಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರೆ ಗಿಣ್ಣಿನ ಸುತ್ತ, ಎಲೆ ಕಿತ್ತ ಗಾಯದ ಎರಡೂ ಬದಿಯಲ್ಲಿ, ಸಿಪ್ಪೆಯನ್ನು ಒಳಗಿನಿಂದ ಒತ್ತಿದಂತೆ ಬಿಳಿಯ ಸಣ್ಣ ಉಬ್ಬುಗಳು ಕಾಣುತ್ತವೆ. ಇನ್ನೆರಡು ದಿನಕ್ಕೆ ಅವು ಸೀಳಿ ನೂಲಿನಂಥ ಬೇರುಗಳು ಹೊರಬರುತ್ತವೆ. ಬೇರು ಒಂದಿಂಚು ಆದಾಗಲೇ ಮಣ್ಣಿಗೆ ಇಳಿಸಬೇಕು. ನೀರಿನಲ್ಲೇ ಉದ್ದವಾಗಿ ಬೆಳೆದ ಬೇರು ತೀರ ನಾಜೂಕಾಗಿದ್ದು ಮಣ್ಣಿಗೆ ಹಾಕುವಾಗ ಮುರಿದುಹೋಗುತ್ತದೆ. ಪೇಟೆಯ ಸೊಪ್ಪಿಗೆ ಏನು ಸಿಂಪಡಿಸಿದ್ದರೋ ನಮಗೆ ತಿಳಿಯದು. ಅದಕ್ಕೆ ನೆಟ್ಟ ದಂಟಿನ ಹಳೆಯ ಎಲೆಗಳನ್ನು ಅಡುಗೆಗೆ ಬಳಸದೆ, ಹೊಸ ಚಿಗುರು ಬಂದ ಮೇಲೆಯೇ ಕೊಯ್ಲು ಶುರುಮಾಡುತ್ತೇನೆ.

ಲೋಟದ ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಲೇಬೇಕು. ಮಲೇರಿಯ, ಡೆಂಗಿಗಳನ್ನು ಕಂಡ ಮಂಗಳೂರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಟ್ಟಿಯ ಕೆಳಗಿಡುವ ತಟ್ಟೆಗೂ ಇದೇ ಮಾತು.

ಇನ್ನು ಚಟ್ಟಿ. ಪುದೀನಕ್ಕೆ ಆಳಕ್ಕಿಂತ ಅಗಲ ಮುಖ್ಯ. ಅದರ ಬೇರು ಹೆಚ್ಚು ಕೆಳಗಿಳಿಯುವುದಿಲ್ಲ; ಬುಡದಿಂದ ಹೊರಡುವ ಹಂಬುಗಳು ಮಣ್ಣಿನ ಮೇಲೂ ಮೇಲ್ಪದರದ ಒಳಗೂ ಅಡ್ಡಡ್ಡ ಓಡಿ, ಗಿಣ್ಣು ಗಿಣ್ಣಿಗೆ ಬೇರು ಬಿಟ್ಟು, ಅಲ್ಲಿಂದ ಹೊಸ ಗಿಡವಾಗಿ ಏಳುತ್ತವೆ. ಎಂಟಿಂಚು ಆಳ, ಒಂದಡಿ ಅಥವಾ ಅದಕ್ಕಿಂತ ಹೆಚ್ಚು ಅಗಲ ಇರುವ ಮಣ್ಣಿನ ಚಟ್ಟಿ ಅದಕ್ಕೆ ಹೇಳಿ ಮಾಡಿಸಿದ್ದು. ಹಳೆಯ ಪ್ಲಾಸ್ಟಿಕ್ ಟಬ್ಬಿನಲ್ಲಿಯೂ ಚೆನ್ನಾಗಿ ಬರುತ್ತದೆ, ಆದರೆ ಅದರ ತಳದಲ್ಲಿ ತೂತುಗಳು ಧಾರಾಳವಾಗಿರಬೇಕು.

ತೂತಿನ ಮೇಲೆ ಹಂಚಿನ ಚೂರು ಇಡುವ ಪದ್ಧತಿ ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಇದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಈ ಊರಿನಲ್ಲಿ ಹಂಚಿನ ಚೂರಿಗೆ ಬರವಿಲ್ಲ. ಒಂದು ಬಾಗಿದ ಚೂರನ್ನು ತೂತಿನ ಮೇಲೆ ಕವುಚಿ ಇಟ್ಟರೆ ಮಣ್ಣು ಸೋರುವುದಿಲ್ಲ, ನೀರು ಹೋಗುತ್ತದೆ; ಅಷ್ಟು ಸಾಕು. ತಳದಲ್ಲಿ ಎರಡು ಮೂರು ಇಂಚು ಚೂರು, ಜಲ್ಲಿ ತುಂಬಿದರೆ ನೀರು ಇನ್ನೂ ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಮೇಲಿನ ನುಣ್ಣನೆಯ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ನೀರು ಕೆಳಗಿನ ದೊಡ್ಡ ಸಂದುಗಳಿಗೆ ಇಳಿಯುವುದಿಲ್ಲ. ಪರಿಣಾಮವಾಗಿ ಒದ್ದೆಯ ಪದರ ತಳದಿಂದ ಮೇಲೆ ಸರಿದು ನೇರವಾಗಿ ಬೇರಿನ ಮಟ್ಟಕ್ಕೆ ಬರುತ್ತದೆ. ಮಳೆಗಾಲದಲ್ಲಿ ಇದು ಗಿಡಕ್ಕೆ ಮಾರಕ. ಬಸಿಯುವ ಗುಣ ಇರಬೇಕಾದದ್ದು ಮಣ್ಣಿನಲ್ಲೇ.

ನಮ್ಮ ಮುರಕಲ್ಲಿನ ಕೆಂಪುಮಣ್ಣು ಹುಳಿಮಣ್ಣು, ಅಂದರೆ ಆಮ್ಲೀಯ. ಮಳೆಯಲ್ಲಿ ಅದರ ಸುಣ್ಣದ ಅಂಶವೆಲ್ಲ ತೊಳೆದುಹೋಗಿರುತ್ತದೆ, ಒಣಗಿದರೆ ಗಟ್ಟಿ ಕಟ್ಟುತ್ತದೆ. ಪುದೀನಕ್ಕೆ ಬೇಕಾದದ್ದು ಹುಳಿ ಕಡಿಮೆಯಿರುವ, ಸಡಿಲವಾದ ಮಣ್ಣು. ಇದಕ್ಕೆ ನಮ್ಮ ಹಿರಿಯರು ತರಕಾರಿಗೂ ಮಲ್ಲಿಗೆಗೂ ಬಳಸುತ್ತಿದ್ದ ಸುಡುಮಣ್ಣಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ತರಗೆಲೆ, ಕಸಕಡ್ಡಿ, ಒಣ ಸೆಗಣಿಗಳ ರಾಶಿಯ ಮೇಲೆ ಮಣ್ಣು ಮುಚ್ಚಿ, ಉರಿ ಏಳದಂತೆ ಒಳಗೊಳಗೇ ನಿಧಾನವಾಗಿ ಬೇಯಲು ಬಿಟ್ಟರೆ ಕಳೆಯ ಬೀಜ, ಹುಳದ ಮೊಟ್ಟೆಗಳು ಸಾಯುತ್ತವೆ, ಬೂದಿ ಮಣ್ಣಿನ ಹುಳಿಯನ್ನು ತಗ್ಗಿಸುತ್ತದೆ, ಮಣ್ಣು ಹುಡಿಹುಡಿಯಾಗುತ್ತದೆ. ಅಮ್ಮನ ಮನೆಯಲ್ಲಿ ಬೇಸಗೆಯಲ್ಲಿ ಮಾಡಿಟ್ಟ ಸುಡುಮಣ್ಣನ್ನು ಚೀಲದಲ್ಲಿ ತಂದು, ಅದರ ಅರ್ಧದಷ್ಟು ಹಳೆಯ ಹಟ್ಟಿಗೊಬ್ಬರ, ಅಷ್ಟೇ ತೆಂಗಿನ ನಾರಿನ ಹುಡಿ, ಎರಡು ಹಿಡಿ ಹೊಯ್ಗೆ (ಮರಳು) ಸೇರಿಸುತ್ತೇನೆ. ಹೊಯ್ಗೆ ಹೊಳೆಯದೇ ಆಗಬೇಕು, ಕಡಲಿನದು ಉಪ್ಪು. ನಾರಿನ ಹುಡಿಯನ್ನೂ ಮೊದಲು ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿಕೊಳ್ಳಬೇಕು. ಫ್ಲ್ಯಾಟಿನಲ್ಲಿ ಇರುವವರು ಮಣ್ಣು ಸುಡಲಾರರು. ಕೆಂಪುಮಣ್ಣಿಗೆ ಒಂದು ಹಿಡಿ ಒಲೆಯ ಬೂದಿ ಸೇರಿಸಿಕೊಂಡರೂ ಕೆಲಸ ನಡೆಯುತ್ತದೆ.

ಬಿಸಿಲಿನ ವಿಷಯಕ್ಕೆ ಬಂದರೆ, ಉಡುಪಿ ಮಲ್ಲಿಗೆಯನ್ನು ಚಟ್ಟಿಯಲ್ಲಿ ಬೆಳೆಸಿ ಗೊತ್ತಿರುವವರು ಪುದೀನವನ್ನೂ ಅದರ ಸಾಲಿನಲ್ಲೇ ಇಡುತ್ತಾರೆ. ಆದರೆ ಮಲ್ಲಿಗೆಗೆ ದಿನವಿಡೀ ಸುಡುವ ಬಿಸಿಲು ಬೇಕು, ಇಲ್ಲದಿದ್ದರೆ ಮೊಗ್ಗಿಲ್ಲ. ಪುದೀನಕ್ಕೆ ಬೆಳಗಿನ ಹೊತ್ತು ನಾಲ್ಕೈದು ಗಂಟೆಗಳ ಕಾಲ ಎಳೆಬಿಸಿಲು ಸಾಕು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಸಿಮೆಂಟಿನ ತಾರಸಿ ಕಾದಾಗ ಅದರ ಎಲೆ ಸಣ್ಣದಾಗಿ, ದಪ್ಪವಾಗಿ, ಅಂಚು ಕರಟಿದಂತಾಗುತ್ತದೆ. ಮಲ್ಲಿಗೆ ಚಟ್ಟಿಗಳ ಪೂರ್ವದ ಬದಿಯಲ್ಲಿ, ಅವುಗಳ ಮಧ್ಯಾಹ್ನದ ನೆರಳು ಬೀಳುವಲ್ಲಿ ಇಟ್ಟರೆ ಎರಡಕ್ಕೂ ಹಿತ.

ಬೇಸಗೆಯಲ್ಲಿ ನೀರನ್ನು ದಿನಕ್ಕೊಮ್ಮೆ, ಬೆಳಿಗ್ಗೆ, ತಳದಿಂದ ಹರಿಯುವಷ್ಟು ಕೊಡಬೇಕು. ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ತಗ್ಗಿ ಮಂಗಳೂರಿಗೆ ಸರದಿಯ ನೀರು ಬರುವ ದಿನಗಳಲ್ಲಿ, ಉಡುಪಿಗೆ ಬಜೆಯಲ್ಲಿ ಸ್ವರ್ಣೆಯ ನೀರು ತಳ ಕಂಡಾಗ, ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲವೂ ಚಟ್ಟಿಗೆ ಹೋಗುತ್ತವೆ. ಅದರಿಂದ ಗಿಡಕ್ಕೆ ಒಳಿತೇ ಆಗುತ್ತದೆ. ಬಚ್ಚಲಿನ ಸಾಬೂನು ನೀರನ್ನು ಮಾತ್ರ ನಾನು ಹಾಕುವುದಿಲ್ಲ, ಹಸಿಯಾಗಿ ತಿನ್ನುವ ಸೊಪ್ಪು ಅದು. ಕಡಲಿಗೆ ಹತ್ತಿರವಿರುವವರು ಇನ್ನೊಂದನ್ನು ಗಮನಿಸಬೇಕು. ಮಲ್ಪೆ, ಉಳ್ಳಾಲದಂಥ ಕಡೆಗಳಲ್ಲಿ ಬೇಸಗೆಯ ಕೊನೆಗೆ ಕೆಲವು ಬಾವಿಗಳ ನೀರು ಸವುಳಾಗುತ್ತದೆ. ಎಲೆಯ ಅಂಚು ಕಂದಾಗಿ ಒಣಗುತ್ತ ಬಂದರೆ ಬಾಯಾರಿಕೆ ಎಂದು ಅದೇ ನೀರನ್ನು ಇನ್ನಷ್ಟು ಹೊಯ್ಯದೆ, ಒಂದೆರಡು ಸಲವಾದರೂ ಸಿಹಿನೀರು ಧಾರಾಳವಾಗಿ ಹಾಕಿ ಮಣ್ಣಿನ ಉಪ್ಪನ್ನು ತೊಳೆದು ಹೊರಗೆ ಹರಿಸಬೇಕು.

ಪುದೀನದ ಆರೈಕೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಕೊಯ್ಲು. ಅದೂ ಆರೈಕೆಯ ಕೆಲಸವೇ, ಗಿಡದಿಂದ ಕಸಿದುಕೊಳ್ಳುತ್ತಿದ್ದೇವೆ ಎಂದು ಯಾರೂ ಅಂಜಬೇಕಾಗಿಲ್ಲ. ಎಲೆಯೊಂದನ್ನು ಕಿತ್ತು ಭೂತಗನ್ನಡಿಯಲ್ಲಿ, ಅದಿಲ್ಲದಿದ್ದರೆ ಮೊಬೈಲಿನ ಕ್ಯಾಮೆರಾವನ್ನು ಆದಷ್ಟು ಹತ್ತಿರ ಹಿಡಿದು, ಅದರ ಬೆನ್ನನ್ನು ನೋಡಬೇಕು. ನರಗಳ ನಡುವಿನ ತಗ್ಗುಗಳಲ್ಲಿ ಎಣ್ಣೆಯ ಹನಿ ಚೆಲ್ಲಿದಂತೆ ಮಿನುಗುವ ಅತಿ ಸಣ್ಣ ಚುಕ್ಕೆಗಳಿರುತ್ತವೆ. ಪರಿಮಳದ ಎಣ್ಣೆ ಇರುವುದು ಆ ಗ್ರಂಥಿಗಳಲ್ಲಿ. ಎಲೆ ಸವರಿದಾಗ ಅವು ಒಡೆದು ಘಮ ಹರಡುತ್ತದೆ. ಎಲೆ ಎಳೆಯದಾಗಿರುವಾಗಲೇ ಅವುಗಳಲ್ಲಿ ಎಣ್ಣೆ ತುಂಬಿಕೊಳ್ಳುತ್ತದೆ, ಎಲೆ ಮುದಿಯಾದ ಮೇಲೆ ಕಡಿಮೆಯಾಗುತ್ತ ಹೋಗುತ್ತದೆ. ಅದಕ್ಕೇ ಒಂದೊಂದೇ ದೊಡ್ಡ ಎಲೆ ಆರಿಸಿ ಕೀಳುವುದಕ್ಕಿಂತ ತುದಿಯ ನಾಲ್ಕೈದು ಇಂಚನ್ನು, ಒಂದು ಎಲೆಜೋಡಿಯ ಸ್ವಲ್ಪ ಮೇಲಕ್ಕೆ, ಕತ್ತರಿಯಿಂದ ತೆಗೆಯುವುದು ಉತ್ತಮ. ತುದಿ ಇರುವ ತನಕ ಕೆಳಗಿನ ಕಂಕುಳ ಮೊಗ್ಗುಗಳು ಸುಮ್ಮನಿರುತ್ತವೆ. ತುದಿ ಹೋದೊಡನೆ ಆ ಜೋಡಿಯ ಎರಡು ಕಂಕುಳಿಂದಲೂ ಒಂದೊಂದು ರೆಂಬೆ ಹೊರಡುತ್ತದೆ. ವಾರ ವಾರವೂ ಕೊಯ್ಯುವ ಮನೆಯ ಪುದೀನ ಪೊದೆಯಾಗಿರುವುದಕ್ಕೂ ನೋಡಿ ಸಂತೋಷಪಡಲೆಂದು ಬಿಟ್ಟವರ ಪುದೀನ ಉದ್ದುದ್ದ ದಂಟಾಗಿ ಜೋತು ಬೀಳುವುದಕ್ಕೂ ಇದೇ ಕಾರಣ.

ಹೀಗೆ ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಆರೇಳು ತಿಂಗಳಲ್ಲಿ ಚಟ್ಟಿಯ ನಡುಭಾಗ ಬೋಳಾಗುತ್ತದೆ. ಇದು ರೋಗವಲ್ಲ. ಹಂಬುಗಳು ಹೊಸ ಮಣ್ಣು ಹುಡುಕುತ್ತ ಅಂಚಿನ ಕಡೆಗೆ ಓಡಿರುತ್ತವೆ, ನಡುವಿನ ಹಳೆಯ ಬುಡ ಕಟ್ಟಿಗೆಯಾಗಿರುತ್ತದೆ. ಚಟ್ಟಿಯನ್ನು ಕವುಚಿ ಮಣ್ಣಿನ ಮುದ್ದೆಯನ್ನು ಹೊರತೆಗೆದರೆ, ಗೋಡೆಗೆ ಒತ್ತಿಕೊಂಡು ಸುತ್ತಿ ಸುತ್ತಿ ಬೆಳೆದ ಬಿಳಿಯ ಹಂಬುಗಳು ಬುಟ್ಟಿ ಹೆಣೆದಂತೆ ಕಾಣುತ್ತವೆ. ಅವುಗಳಲ್ಲಿ ದಪ್ಪನೆಯವನ್ನು ಆರಿಸಿ, ಒಂದೊಂದರಲ್ಲೂ ಮೂರು ನಾಲ್ಕು ಗಿಣ್ಣು ಇರುವಂತೆ ತುಂಡು ಮಾಡಿ, ಹೊಸ ಮಣ್ಣಿನಲ್ಲಿ ಎರಡಿಂಚು ಆಳದಲ್ಲಿ ಅಡ್ಡ ಮಲಗಿಸಿ ಮುಚ್ಚಬೇಕು. ನೀರಿನಲ್ಲಿ ಬೇರು ಬರಿಸಿದ ದಂಟಿಗಿಂತ ಈ ತುಂಡುಗಳಿಂದ ಬಂದ ಗಿಡ ಗಟ್ಟಿಮುಟ್ಟು. ಹಳೆಯ ನಡುಬುಡವನ್ನು ಎಸೆಯಲು ಮನಸ್ಸಾಗದೆ ಅಲ್ಲೇ ಉಳಿಸಿಕೊಂಡರೆ ಉಪಯೋಗವಿಲ್ಲ.

ಈ ಕೆಲಸಕ್ಕೆ ನಾನು ಇಟ್ಟುಕೊಂಡಿರುವ ಗಡುವು ಪತ್ತನಾಜೆ. ಬೇಸ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ ಬರುವ ಆ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಭೂತಾರಾಧನೆಯ ಕೋಲ, ನೇಮಗಳಿಗೆ ಬಿಡುವು ಸಿಗುತ್ತದೆ, ಮಳೆಗಾಲದ ತಯಾರಿಗೆ ಊರು ತಿರುಗುತ್ತದೆ. ಪುದೀನಕ್ಕೂ ಅದೇ ಸರಿಯಾದ ಕಾಲ. ಆಗ ತುಂಡು ಮಾಡಿ ನೆಟ್ಟದ್ದು ಮುಂಗಾರು ಜೋರಾಗುವ ಮೊದಲು ಬೇರು ಕಚ್ಚಿಕೊಳ್ಳುತ್ತದೆ. ಕಾರ್ತೆಲ್ ತಿಂಗಳ (ಜೂನ್–ಜುಲೈ) ಮಳೆ ಹಿಡಿದ ಮೇಲೆ ನೆಟ್ಟ ದಂಟು ಬೇರು ಬಿಡುವುದಕ್ಕಿಂತ ಮೊದಲೇ ಕೊಳೆಯುತ್ತದೆ. ಪತ್ತನಾಜೆಯ ಹೊತ್ತಿಗೆ ನಾನು ಮಾಡುವ ಸಣ್ಣ ಚಟ್ಟಿಗಳ ಮಣ್ಣಿನಲ್ಲಿ ಹೊಯ್ಗೆಯ ಪಾಲು ಹೆಚ್ಚು, ಗೊಬ್ಬರ ಬಹಳ ಕಡಿಮೆ. ಬೆಳಕಿಲ್ಲದ ತಿಂಗಳುಗಳಲ್ಲಿ ಗೊಬ್ಬರ ಉಂಡ ಗಿಡ ಗಿಣ್ಣಿನಿಂದ ಗಿಣ್ಣಿಗೆ ಉದ್ದುದ್ದ ಎಳೆದುಕೊಂಡು, ಪೇಲವವಾಗಿ, ಬೇಗನೆ ರೋಗಕ್ಕೆ ತುತ್ತಾಗುತ್ತದೆ.

ಮಳೆಯಲ್ಲಿ ಪುದೀನ ಸಾಯುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿದಾಗ ಬೇರಿಗೆ ಗಾಳಿ ಸಿಗುವುದಿಲ್ಲ. ಉಸಿರುಕಟ್ಟಿದ ಬೇರು ನೀರನ್ನು ಮೇಲಕ್ಕೆ ಕಳಿಸಲಾರದು. ಹಾಗಾಗಿ ಒದ್ದೆ ಮಣ್ಣಿನಲ್ಲಿ ನಿಂತ ಗಿಡವೂ ನೀರಿಲ್ಲದ ಗಿಡದಂತೆ ಬಾಡುತ್ತದೆ. ಬಾಡಿದ್ದನ್ನು ಕಂಡು ಬಿಸಿಲು ಬಂದ ದಿನ ಇನ್ನೊಂದು ತಂಬಿಗೆ ನೀರು ಹಾಕುವವರಿದ್ದಾರೆ. ಅಷ್ಟರಲ್ಲಿ ಬೇರು ಕೊಳೆಸುವ ಶಿಲೀಂಧ್ರಗಳು ಬುಡಕ್ಕೆ ಹತ್ತಿರುತ್ತವೆ. ಮಣ್ಣಿನ ಮಟ್ಟದಲ್ಲಿ ದಂಟು ಕಪ್ಪಾಗಿ, ಮುಟ್ಟಿದರೆ ಮೆತ್ತಗಾಗಿ, ಎಳೆದರೆ ಸಿಪ್ಪೆ ಕೈಗೆ ಬರುತ್ತದೆ. ಆ ಹಂತದಲ್ಲಿ ಬುಡವನ್ನು ಉಳಿಸಲು ಯಾವ ಔಷಧಿಯನ್ನೂ ಹುಡುಕಬಾರದು. ತುದಿ ಇನ್ನೂ ಹಸಿರಾಗಿದ್ದರೆ ಅದನ್ನು ಕತ್ತರಿಸಿ ಲೋಟದ ನೀರಿಗೆ ಹಾಕಬೇಕು. ಗಿಡ ಉಳಿಯುವುದು ಅಲ್ಲಿ.

ಚಟ್ಟಿಗಳನ್ನು ಮಳೆಯಿಂದ ಮರೆಗೆ ಸರಿಸುವಾಗ ಮಾಡಿನ (ಸೂರಿನ) ನೀರು ಬೀಳುವ ಸಾಲನ್ನು ತಪ್ಪಿಸಬೇಕು. ಬಯಲಿನ ಮಳೆಗಿಂತ ಮಾಡಿನಿಂದ ಧಾರೆಗಟ್ಟಿ ಬೀಳುವ ನೀರು ಹೆಚ್ಚು ಹಾನಿ ಮಾಡುತ್ತದೆ. ಮಣ್ಣು ಎರಚಿ ಎಲೆಯ ಬೆನ್ನಿಗೆ ಅಂಟುತ್ತದೆ, ಆ ಮಣ್ಣಿನ ಜೊತೆಗೆ ರೋಗವೂ ಹತ್ತುತ್ತದೆ. ಈಗ ಮಂಗಳೂರಿನ ಹಲವು ಮನೆಗಳ ತಾರಸಿಗೆ ಶೀಟು ಹಾಕಿರುವುದರಿಂದ ಅದರ ಅಡಿಯಲ್ಲಿ, ಗಾಳಿಯಾಡುವ ಪೂರ್ವದ ಅಂಚು ಮಳೆಗಾಲದ ಪುದೀನಕ್ಕೆ ಅತ್ಯುತ್ತಮ ಜಾಗ. ಪಡುವಣ ಗಾಳಿಯ ಇರಚಲು ಅಲ್ಲಿಗೆ ತಲುಪುವುದಿಲ್ಲ. ಚಟ್ಟಿಯನ್ನು ನೆಲಕ್ಕೆ ತಾಗಿಸದೆ ಎರಡು ಕಲ್ಲಿನ ಮೇಲೆ ಇಟ್ಟರೆ ತೂತು ಮುಚ್ಚಿಕೊಳ್ಳುವುದಿಲ್ಲ. ಒಟ್ಟೊಟ್ಟಿಗೆ ಇಡದೆ ನಡುವೆ ಒಂದು ಗೇಣು ಜಾಗ ಬಿಡಬೇಕು. ನೀರನ್ನು ದಿನ ನೋಡಿ ಹಾಕುವ ಅಭ್ಯಾಸವನ್ನು ನಿಲ್ಲಿಸಿ, ಬೆರಳನ್ನು ಒಂದಿಂಚು ಮಣ್ಣಿಗಿಳಿಸಿ ಒಣಗಿದ್ದರೆ ಮಾತ್ರ ಹಾಕಬೇಕು.

ಇದೇ ಕಾಲದಲ್ಲಿ ಬರುವ ಬಸವನ ಹುಳು ಒಂದೇ ರಾತ್ರಿಯಲ್ಲಿ ಸಣ್ಣ ಗಿಡವನ್ನು ಬೋಳು ಮಾಡಬಲ್ಲುದು. ಸುತ್ತ ಸುಣ್ಣ ಚೆಲ್ಲಿದರೆ ಮಳೆಗೆ ನಿಲ್ಲುವುದಿಲ್ಲ. ರಾತ್ರಿ ಟಾರ್ಚು ಹಿಡಿದು ಆರಿಸಿ ತೆಗೆಯುವುದೇ ಉಪಾಯ. ಎಲೆಯ ಬೆನ್ನಲ್ಲಿ ಕಿತ್ತಳೆ ಬಣ್ಣದ ಹುಡಿ ಕಂಡರೆ ಅದು ತುಕ್ಕುರೋಗ. ಅಂಥ ದಂಟುಗಳನ್ನು ಬುಡಕ್ಕೆ ಕತ್ತರಿಸಿ ಕಸಕ್ಕೆ ಹಾಕಬೇಕು, ಗೊಬ್ಬರದ ಗುಂಡಿಗೆ ಹಾಕಬಾರದು. ಬೇಸಗೆಯ ಹೇನು, ನುಸಿ, ಬಿಳಿನೊಣಗಳಿಗೆ ಎಲೆಯ ಬೆನ್ನಿಗೆ ಬಲವಾಗಿ ನೀರು ಚಿಮುಕಿಸಿದರೇ ಅರ್ಧ ಕೆಲಸ ಮುಗಿಯುತ್ತದೆ. ಉಳಿದದ್ದಕ್ಕೆ ಲೀಟರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನಿನಲ್ಲಿ ಕದಡಿ ಸಂಜೆ ಸಿಂಪಡಿಸಿ, ವಾರದ ಮೇಲೆ ಚೆನ್ನಾಗಿ ತೊಳೆದು ಬಳಸಬಹುದು. ಅಡಿಕೆ ತೋಟವಿರುವ ಮನೆಗಳಲ್ಲಿ ಕೊಳೆರೋಗಕ್ಕೆಂದು ಮೈಲುತುತ್ತು, ಸುಣ್ಣ ಸೇರಿಸಿ ಮಾಡಿದ ಬೋರ್ಡೊ ದ್ರಾವಣ ಮಿಕ್ಕಿದಾಗ ಅದನ್ನು ಪುದೀನಕ್ಕೂ ಹೊಡೆಯುವುದುಂಟು. ಮೈಲುತುತ್ತು ಅಡಿಕೆಯ ಗೊನೆಗೆ ಸರಿ, ಎಲೆಯನ್ನೇ ತಿನ್ನುವ ಸೊಪ್ಪಿಗೆ ಖಂಡಿತ ಬೇಡ.

ಆಟಿಯಲ್ಲಿ ಕೊಯ್ಲನ್ನು ನಾನು ಪೂರ್ತಿ ನಿಲ್ಲಿಸುತ್ತೇನೆ. ಅದು ತಜಂಕ್ (ತಗಚೆ ಸೊಪ್ಪು), ತಿಮರೆ (ಒಂದೆಲಗ), ಪತ್ರೊಡೆಯ ಕೆಸುವಿನೆಲೆಗಳ ತಿಂಗಳು. ಮಳೆಯಲ್ಲೇ ಹುಟ್ಟಿ ಮಳೆಯಲ್ಲೇ ಕೊಬ್ಬುವ ಸೊಪ್ಪುಗಳು ಅಂಗಳದ ತುಂಬ ಇರುವಾಗ ಬದುಕಲು ಹೆಣಗುತ್ತಿರುವ ಪುದೀನವನ್ನು ಕೊಯ್ಯುವ ಅಗತ್ಯವೂ ಇರುವುದಿಲ್ಲ. ಕರಾವಳಿಯ ಹಳೆಯ ಅಡುಗೆಯಲ್ಲಿ ಪುದೀನಕ್ಕೆ ದೊಡ್ಡ ಸ್ಥಾನವಿಲ್ಲ ಎಂಬುದೂ ನಿಜ. ಬ್ಯಾರಿಗಳ ಬಿರಿಯಾನಿಯಲ್ಲಿ, ಕ್ರೈಸ್ತರ ಮನೆಗಳ ಹಸಿರು ಮಸಾಲೆಯಲ್ಲಿ ಅದು ತಪ್ಪದೆ ಇರುತ್ತದೆ. ಉಡುಪಿಯ ಮಠದ ಕಡೆಯ ಅಡುಗೆಯಲ್ಲಿ ಪರಿಮಳದ ಸೊಪ್ಪೆಂದರೆ ಕರಿಬೇವು, ಕೊತ್ತಂಬರಿ. ಆದರೆ ಸಾಂಬ್ರಾಣಿ ಸೊಪ್ಪಿನ ತಂಬುಳಿ ಬಲ್ಲವರು ಪುದೀನದ ತಂಬುಳಿ ಮಾಡಿ ನೋಡಲೇಬೇಕು. ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಒಲೆ ಆರಿಸಿದ ಮೇಲೆ ಆ ಬಿಸಿಯಲ್ಲೇ ಒಂದು ಹಿಡಿ ಎಲೆಯನ್ನು ಬಾಡಿಸಿ, ತೆಂಗಿನಕಾಯಿಯ ಜೊತೆ ಅರೆದು ಮಜ್ಜಿಗೆಗೆ ಕದಡಬೇಕು. ಉರಿಯ ಮೇಲೆ ಬಾಡಿಸಿದರೆ ಪರಿಮಳದ ಎಣ್ಣೆ ಆವಿಯಾಗಿ ಹೋಗುತ್ತದೆ. ಚಟ್ನಿಗೆ ಅರೆಯುವಾಗ ಹುಣಸೆ ಅಥವಾ ಲಿಂಬೆರಸವನ್ನು ಮೊದಲೇ ಹಾಕಿಕೊಂಡರೆ ಎಲೆ ಕಪ್ಪಾಗುವುದು ತಡವಾಗುತ್ತದೆ.

ಸೋಣ ತಿಂಗಳು (ಆಗಸ್ಟ್–ಸೆಪ್ಟೆಂಬರ್) ಬಂದು, ಕೃಷ್ಣಾಷ್ಟಮಿಯ ವಿಟ್ಲಪಿಂಡಿ, ಚೌತಿಗಳು ಕಳೆದು ಬಿಸಿಲು ಸ್ಥಿರವಾಗತೊಡಗಿದಾಗ ಮಳೆ ದಾಟಿದ ಸಣ್ಣ ಚಟ್ಟಿಗಳ ಗಿಡಗಳನ್ನು ದೊಡ್ಡ ಚಟ್ಟಿಗೆ ಇಳಿಸಿ, ಹಟ್ಟಿಗೊಬ್ಬರ, ಒಂದಿಷ್ಟು ನೆಲಗಡಲೆ ಹಿಂಡಿ ಕೊಟ್ಟರೆ ತಿಂಗಳೊಳಗೆ ಕೊಯ್ಲಿಗೆ ಬರುತ್ತವೆ. ಎಲ್ಲ ವರ್ಷವೂ ಎಲ್ಲ ಚಟ್ಟಿಗಳೂ ದಾಟುವುದಿಲ್ಲ. ಆದ್ದರಿಂದಲೇ ನಮ್ಮ ಪುದೀನ ಈಗ ಅಮ್ಮನ ಅಂಗಳದಲ್ಲಿ, ಕೆಳಗಿನ ಮನೆಯ ಬಾಯಮ್ಮನ ಅಡುಗೆಮನೆಯ ಕಿಟಕಿಯಲ್ಲಿ, ಅತ್ತಿಗೆಯ ಮಣಿಪಾಲದ ಬಾಲ್ಕನಿಯಲ್ಲಿ ಇದೆ. ಒಂದು ಕಡೆ ಹೋದರೆ ಇನ್ನೊಂದು ಕಡೆಯಿಂದ ಬರುತ್ತದೆ. ಒಂದು ವರ್ಷ ನಮ್ಮ ತಾರಸಿಯಲ್ಲಿ ಏನೂ ಉಳಿಯದೆ ಇದ್ದಾಗ ಬಾಯಮ್ಮನೇ “ನಿಮ್ಮದೇ ಅಲ್ವಾ ಇದು, ತಕೊಳ್ಳಿ” ಎಂದು ಒಂದು ಹಿಡಿ ಹಂಬು ಕಿತ್ತು ಕೊಟ್ಟರು. ಯಾರಿಗೆ ಕೊಡುವಾಗಲೂ ಒಂದೇ ದಂಟು ಕೊಡಬಾರದು. ಹಂಬಿನ ತುಂಡುಗಳೂ ಸೇರಿದಂತೆ ಐದಾರು ಇರಲಿ. ಎಲೆ ಅರ್ಧದಷ್ಟು ತೆಗೆದು, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಬಾಳೆಎಲೆಯಲ್ಲಿ ಮಡಿಸಿ ಕಟ್ಟಿದರೆ ಮಂಗಳೂರಿನಿಂದ ಕುಂದಾಪುರದವರೆಗೆ ಬಸ್ಸಿನಲ್ಲಿ ಹೋದರೂ ಬಾಡುವುದಿಲ್ಲ. ತಲುಪಿದ ದಿನವೇ ನೆಟ್ಟು, ಮೊದಲ ಒಂದು ವಾರ ನೆರಳಿನಲ್ಲಿ ಇಡಲು ಹೇಳಿ ಕೊಡಬೇಕು.